ಇಂಗ್ಲಿಷಿನ ಕಿರುಪದಗಳ ಕುಲಗೋತ್ರ

ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾಗಿ ನಾಲ್ಕು ವರ್ಷಗಳು ಕಳೆದು, ಇಂಗ್ಲೆಂಡಿನ ರಾಜ್ಯಾಂಗವು ಇನ್ನೂ ನೆಲೆಗೊಳ್ಳದೆ ಹೊಯ್ದಾಡುತ್ತಿದ್ದ 1653ನೆಯ ಇಸವಿಯಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ ಜಾನ್ ವಾಲಿಸ್ ಎಂಬ ಪಂಡಿತನು ಇಂಗ್ಲಿಷ್ ಭಾಷೆಗೆ ಲ್ಯಾಟಿನ್ನಿನಲ್ಲಿ ಒಂದು ವ್ಯಾಕರಣವನ್ನು ರಚಿಸಿ ಪ್ರಕಟಿಸಿದನು. ಅನಂತವನ್ನು ಸೂಚಿಸಲು ಗಣಿತಜ್ಞರು ಇಂದಿಗೂ ಬಳಸುವ, ಅಡ್ಡಲಾಗಿ ಮಲಗಿದ ಇಂಗ್ಲಿಷ್ ಎಂಟರ ಅಂಕೆಯಂತಿರುವ ಚಿಹ್ನೆಯನ್ನು ಎರಡು ವರ್ಷಗಳ ತರುವಾಯ ಲೋಕಕ್ಕೆ ಕೊಟ್ಟವನು ಈತನೇ. ಅಂತರ್ಯುದ್ಧದ ಕಾಲದಲ್ಲಿ ರಾಜಪಕ್ಷದವರ ಗೂಢಲಿಪಿಯ ಪತ್ರಗಳನ್ನು ಬಿಡಿಸಿ ಪಾರ್ಲಿಮೆಂಟಿನ ಪಕ್ಷದವರಿಗೆ ಓದಿಕೊಟ್ಟವನೂ ಈತನೇ. ಅಕ್ಷರಗಳ ಮರೆಯಲ್ಲಿ ಅರ್ಥವನ್ನು ಅರಸುವುದೇ ಅಭ್ಯಾಸವಾಗಿದ್ದ ಆ ಕಣ್ಣಿಗೆ, ಅಷ್ಟುಕಾಲವೂ ವಿದ್ವಾಂಸರು ಅಲಕ್ಷಿಸಿದ್ದ ತನ್ನ ತಾಯ್ನುಡಿಯ ಪುಟ್ಟ ಪದಗಳಲ್ಲಿ ಒಂದು ವ್ಯವಸ್ಥೆ ಗೋಚರಿಸಿತು: ಮೊದಲ ಎರಡು ಮೂರು ಅಕ್ಷರಗಳಲ್ಲಿ ಹೊಂದಿಕೆಯಾಗುವ ಪದಗಳು ಅರ್ಥದಲ್ಲಿಯೂ ಬಂಧುಗಳಾಗಿರುವುದುಂಟು.

ಅವನಿಗಿಂತ ಮುಂಚಿನ ವ್ಯಾಕರಣಕಾರರು ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿಗೆ ಹೊಯ್ಯಲು ಹೆಣಗಿ, ಆ ಭಾಷೆಯಲ್ಲಿಲ್ಲದ ವಿಭಕ್ತಿಗಳನ್ನೂ ಲಿಂಗಭೇದಗಳನ್ನೂ ಅದರ ಮೇಲೆ ಹೊರಿಸಿದ್ದರೆಂಬುದು ವಾಲಿಸನ ಆಕ್ಷೇಪವಾಗಿದ್ದಿತು. ಸಂಸ್ಕೃತದ ಸೂತ್ರಗಳಿಂದ ಕನ್ನಡವನ್ನು ಅಳೆದ ಪ್ರಸಂಗಗಳನ್ನು ಬಲ್ಲ ನಮಗೆ ಆ ಆಕ್ಷೇಪದ ಬಿಸಿ ಸುಲಭವಾಗಿ ತಿಳಿಯುವುದು. ಆತನು ಗ್ರೀಕ್ ಲ್ಯಾಟಿನ್ ಮೂಲದ ಪ್ರೌಢ ಶಬ್ದಗಳನ್ನು ಬದಿಗಿರಿಸಿ, ಒಕ್ಕಲಿಗನೂ ನೇಕಾರನೂ ಆಡುವ ಪದಗಳನ್ನು ಕೈಗೆತ್ತಿಕೊಂಡನು. ‘ಸ್ಟ್ರ’ ಎಂದು ಮೊದಲಾಗುವ ಸ್ಟ್ರಾಂಗ್, ಸ್ಟ್ರೈಕ್, ಸ್ಟ್ರೈವ್, ಸ್ಟ್ರೆಚ್ ಎಂಬ ಪದಗಳಲ್ಲೆಲ್ಲ ಬಲಪ್ರಯೋಗದ ಭಾವವಿರುವುದನ್ನೂ, ‘ಸ್ಟ’ ಮಾತ್ರವಿರುವ ಸ್ಟ್ಯಾಂಡ್, ಸ್ಟೇ, ಸ್ಟಾಪ್‌ಗಳಲ್ಲಿ ಅದಕ್ಕಿಂತ ಕಡಿಮೆಯಾದ, ಇದ್ದಲ್ಲಿಯೇ ಇರುವ ದಾರ್ಢ್ಯ ಮಾತ್ರ ತೋರುವುದನ್ನೂ, ಸ್ಲೈಡ್, ಸ್ಲಿಪ್, ಸ್ಲೈ ಮೊದಲಾದವುಗಳಲ್ಲಿ ಸದ್ದಿಲ್ಲದೆ ಜಾರುವ ಚಲನೆಯಿರುವುದನ್ನೂ, ಕ್ಲೇ, ಕ್ಲಿಂಗ್, ಕ್ಲಾಸ್ಪ್‌ಗಳಲ್ಲಿ ಅಂಟಿಕೊಳ್ಳುವ ಸ್ವಭಾವವನ್ನೂ ಆತನು ಎತ್ತಿ ತೋರಿದನು.

ಈ ಗುಂಪುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಡಬ್ಲ್ಯೂ ಮತ್ತು ಆರ್ ಎಂಬ ಎರಡಕ್ಷರಗಳಿಂದ ಮೊದಲಾಗುವ, ಈಗ ಡಬ್ಲ್ಯೂವನ್ನು ಬರೆದರೂ ಉಚ್ಚರಿಸದ ಕುಟುಂಬ. ಇದರ ಸಾಮಾನ್ಯಾರ್ಥ ವಕ್ರತೆ, ತಿರುಚುವಿಕೆ ಎಂದು ವಾಲಿಸನು ನಿರ್ಣಯಿಸಿದನು; ಎರಡು ಶತಮಾನಗಳ ತರುವಾಯ ಬಂದ ನಿರುಕ್ತಕಾರರ ಶೋಧನೆ ಬಹುಮಟ್ಟಿಗೆ ಅವನನ್ನೇ ಸಮರ್ಥಿಸಿತು. ಒದ್ದೆಬಟ್ಟೆಯನ್ನು ಹಿಂಡುವುದು ‘ರಿಂಗ್’. ಹೂವನ್ನೂ ಎಲೆಯನ್ನೂ ಬಳಸಿ ಸುತ್ತಿದ ಬಳೆಯಾಕಾರದ ಮಾಲೆ ‘ರೀತ್’. ನೋವಿನಿಂದ ಮೈಯನ್ನು ಹೊರಳಿಸುವುದು ‘ರೈದ್’. ಕೈಯಿಂದ ತಿರುಚಿ ಕಿತ್ತುಕೊಳ್ಳುವುದು ‘ರೆಸ್ಟ್’, ಮಲ್ಲರು ಹಾಗೆ ಸೆಣಸುವುದು ‘ರೆಸಲ್’. ಕೈಯು ತಿರುಗುವ ಕೀಲೇ ‘ರಿಸ್ಟ್’. ಮೊಗವನ್ನು ಸೊಟ್ಟಗೆ ಮಾಡಿದರೆ ಅದು ‘ರೈ’. ತಪ್ಪು, ಅನ್ಯಾಯ ಎಂಬ ಅರ್ಥಗಳಲ್ಲಿ ನಾವೂ ಸಲೀಸಾಗಿ ಬಳಸುವ ‘ರಾಂಗ್’ ಪದವು ಉತ್ತರದ ಸಮುದ್ರವನ್ನು ದಾಟಿ ಬಂದ ನಾರ್ಸ್ ಜನರ ನುಡಿಯಲ್ಲಿ ಡೊಂಕು ಎಂಬ ಅರ್ಥವನ್ನೇ ಹೊಂದಿದ್ದಿತು. ಅದಕ್ಕೆ ಪ್ರತಿಯಾಗಿ ಸರಿಯಾದುದನ್ನು ಹೇಳುವ, ಬರಿಯ ಆರ್ ಅಕ್ಷರದಿಂದ ಮೊದಲಾಗುವ ‘ರೈಟ್’ ಪದದ ಮೂಲಾರ್ಥ ನೇರವಾದುದು. ಕೋಪವನ್ನು ಹೇಳುವ ಹಳೆಯ ಪದವೂ ಈ ಬಳಗದ್ದೇ, ಏಕೆಂದರೆ ಕೆರಳಿದ ಮನಸ್ಸನ್ನು ಆ ಪೂರ್ವಿಕರು ಹುರಿಗೊಂಡ ಮನಸ್ಸೆಂದು ಭಾವಿಸಿದ್ದರು. ಹೀಗೆ ಬಟ್ಟೆ ಹಿಂಡುವವಳ ಕೈಕೆಲಸದಿಂದ ಹಿಡಿದು ಧರ್ಮಾಧರ್ಮಗಳ ವಿವೇಚನೆಯವರೆಗೆ ಒಂದೇ ಎರಡಕ್ಷರಗಳು ಹಬ್ಬಿರುವುದನ್ನು ಕಂಡಾಗ, ಬರಿಯ ಕಾಗುಣಿತದ ತೊಡಕೆಂದು ತೋರುತ್ತಿದ್ದ ವಸ್ತುವು ಒಂದು ಜನಾಂಗದ ಭಾವಚರಿತ್ರೆಯಾಗಿ ಪರಿಣಮಿಸುವುದು.

ಫ್ರೆಂಚ್ ಭಾಷೆಯಲ್ಲಿ ಹಗ್ಗ ಹೊಸೆಯುವವನನ್ನು ಕುರಿತು, ಒಂದೇ ಶಬ್ದವನ್ನು ನಾನಾ ರೂಪಗಳಲ್ಲಿ ಆವರ್ತಿಸುವ ಒಂದು ಚಾತುರ್ಯದ ಪದ್ಯವಿದ್ದಿತು. ವಾಲಿಸನು ಅದನ್ನು ‘ಟ್ವಿಸ್ಟ್’ ಎಂಬ ಪದವೊಂದನ್ನೇ ಹಿಡಿದು ಇಂಗ್ಲಿಷಿಗೆ ತಂದು, ಅದಕ್ಕೆ ಮತ್ತಷ್ಟು ಸಾಲುಗಳನ್ನು ಬೆಳೆಸಿ, ತನ್ನ ನುಡಿಯು ಯಾವುದಕ್ಕೂ ಬಡವಾದುದಲ್ಲವೆಂದು ತೋರಿಸಿಕೊಟ್ಟನು. ಈ ಟ್ವಿಸ್ಟ್ ಎಂಬುದೂ ಒಂಟಿಯಲ್ಲ. ಎರಡೆಳೆಗಳನ್ನು ಕೂಡಿಸಿ ಹೊಸೆದ ದಾರವು ‘ಟ್ವೈನ್’, ಅವಳಿಯು ‘ಟ್ವಿನ್’, ಹಗಲಿರುಳುಗಳೆರಡರ ನಡುವಣ ಬೆಳಕು ‘ಟ್ವೈಲೈಟ್’, ಹತ್ತನ್ನು ಎಣಿಸಿದ ಮೇಲೆ ಎರಡು ಉಳಿಯುವುದರಿಂದ ಹನ್ನೆರಡು ‘ಟ್ವೆಲ್ವ್’. ಎರಡು ಎಂಬ ಅರ್ಥದ ‘ಟೂ’ ಪದದಲ್ಲಿ ಉಚ್ಚಾರಣೆಯಿಲ್ಲದ ಡಬ್ಲ್ಯೂ ಏಕೆ ಕುಳಿತಿದೆ ಎಂಬ ಪ್ರಶ್ನೆಗೆ ಇವೆಲ್ಲವೂ ಸೇರಿ ಉತ್ತರ ಹೇಳುತ್ತವೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಾಂಧವ್ಯವನ್ನು ಸಾರಿದ ತರುವಾಯ, ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿ ದಕಾರವು ಟಕಾರವಾಗುವ ನಿಯಮವನ್ನು ಸ್ಥಾಪಿಸಲು, ಆ ಪದಗಳ ಆದಿಯಲ್ಲಿರುವುದು ನಮ್ಮ ದ್ವಿಜ, ದ್ವಂದ್ವ, ದ್ವಿತೀಯಗಳಲ್ಲಿರುವ ‘ದ್ವಿ’ಯ ಸೋದರವೇ ಎಂಬುದು ನಿಸ್ಸಂದೇಹವಾಯಿತು.

ವಾಲಿಸನು ತನ್ನ ಉತ್ಸಾಹದಲ್ಲಿ ಮೇರೆ ಮೀರಿದುದೂ ಉಂಟು. ‘ಸ್ಪಾರ್ಕಲ್’ ಎಂಬ ಪದವನ್ನು ಬಿಡಿಸಿ, ಮೊದಲ ಅಕ್ಷರಗಳಲ್ಲಿ ಕಿಡಿ ಚದರುವುದನ್ನೂ, ನಡುವಿನವುಗಳಲ್ಲಿ ಅದರ ಚಿಟಪಟ ಸದ್ದನ್ನೂ, ಕಕಾರದಲ್ಲಿ ಅದು ಥಟ್ಟನೆ ಕಡಿಯುವುದನ್ನೂ, ಲಕಾರದಲ್ಲಿ ಅದರ ಪುನರಾವೃತ್ತಿಯನ್ನೂ ಆತನು ಕಂಡನು. ಅಕ್ಷರಕ್ಕೊಂದು ಅರ್ಥವೆಂಬ ಈ ಮತವನ್ನು ಒಪ್ಪಲಾಗದು. ಡಬ್ಲ್ಯೂ-ಆರ್ ಬಳಗದಲ್ಲಿಯೇ ‘ರೆನ್’ ಎಂಬ ಪುಟ್ಟ ಹಕ್ಕಿಯಲ್ಲಿ ವಕ್ರತೆಯ ಸುಳಿವಿಲ್ಲ. ಗಾಡಿಯನ್ನೋ ಹಡಗನ್ನೋ ಕಟ್ಟುವ ಕುಶಲಿಯ ಹೆಸರಾದ ‘ರೈಟ್’ ಎಂಬುದು ಕೆಲಸವೆಂಬರ್ಥದ ‘ವರ್ಕ್’ ಪದದ ಸಂತಾನವಾಗಿದ್ದು, ಅಕ್ಷರಗಳು ಸ್ಥಾನ ಬದಲಿಸಿದುದರಿಂದ ಈ ಮನೆಗೆ ಬಂದು ಸೇರಿದೆ.

ವಾಲಿಸನ ಶತಮಾನದಲ್ಲಿಯೇ ಈ ಡಬ್ಲ್ಯೂವಿನ ಧ್ವನಿಯು ಜನರ ನಾಲಗೆಯಿಂದ ಜಾರುತ್ತಿದ್ದಿತು. ಮೊಣಕಾಲು, ಗಂಟು, ಚಾಕು ಎಂಬರ್ಥದ ನೀ, ನಾಟ್, ನೈಫ್‌ಗಳ ಮೊದಲ ‘ಕೆ’ಯೂ ಅದರ ಹಿಂದೆಯೇ ಹೊರಟಿತು. ಆದರೆ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದಂದಿನಿಂದ ಅಚ್ಚಿನ ಮೊಳೆಗಳು ಈ ಅಕ್ಷರಗಳನ್ನು ಹಿಡಿದುಕೊಂಡಿದ್ದುವಾಗಿ, ಧ್ವನಿ ಹೋದರೂ ರೂಪ ಉಳಿಯಿತು. ನಮ್ಮಲ್ಲಾದುದು ಬೇರೆ. ಹಳಗನ್ನಡದ ೞಕಾರವುಳ್ಳ ಪದಗಳನ್ನು 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂದೆಡೆ ಕಲೆಹಾಕಿ ಕೊಟ್ಟಿದ್ದರೂ, ಧ್ವನಿಯೊಡನೆ ಆ ಅಕ್ಷರವೂ ಬರವಣಿಗೆಯಿಂದ ಮರೆಯಾಯಿತು. ಕನ್ನಡದ ಮಗುವಿಗೆ ಓದು ಸುಲಭವಾಯಿತು, ಪದಗಳ ಪೂರ್ವವೃತ್ತಾಂತ ಮಸುಕಾಯಿತು. ಇಂಗ್ಲಿಷಿನ ಮಗು ಹೆಚ್ಚು ಕಷ್ಟಪಡುತ್ತದೆ, ಆದರೆ ಅದರ ಕಣ್ಣೆದುರಿಗೆ ಪದಗಳ ವಂಶಾವಳಿ ಇದೆ. ಇಂಗ್ಲಿಷಿನ ಈ ಮೌನಾಕ್ಷರಗಳನ್ನು ಕಿತ್ತೊಗೆಯಬೇಕೆಂದ ಕಾಗುಣಿತ ಸುಧಾರಕರ ಕರುಣೆಯನ್ನು ನಾನು ಗೌರವಿಸುತ್ತೇನೆ. ಅವರ ಮಾತು ನಡೆಯದಿದ್ದುದೇ ಲೇಸಾಯಿತೆಂದೂ ನಂಬುತ್ತೇನೆ.

ಪದಗಳ ಮೊದಲಕ್ಷರಗಳಿಗೂ ಅರ್ಥಕ್ಕೂ ಇರುವ ನಂಟಿನ ವಿಚಾರವನ್ನು ಅನಂತರ ಮುಂದೊಯ್ದವರಲ್ಲಿ ಜೆ. ಆರ್. ಫರ್ತ್ ಮುಖ್ಯನು. 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ ಈತನು 1930ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಂತಹ ಅಕ್ಷರಗಳಿಗೆ ಹುಟ್ಟಿನಿಂದ ಬಂದ ಅರ್ಥವೇನೂ ಇಲ್ಲವೆಂದೂ, ಒಂದೇ ಬಗೆಯ ಪದಗಳನ್ನು ಒಂದೇ ಬಗೆಯ ಸಂದರ್ಭಗಳಲ್ಲಿ ಕೇಳಿ ಕೇಳಿ ಸಮಾಜದಲ್ಲಿ ಬೇರೂರಿದ ಅಭ್ಯಾಸವೇ ಆ ಅರ್ಥವನ್ನು ಹುಟ್ಟಿಸುವುದೆಂದೂ ವಿವರಿಸಿದನು. ವಾಲಿಸನ ಪಟ್ಟಿ ಇದರಿಂದ ಅಳಿಯಲಿಲ್ಲ. ಅದಕ್ಕೆ ತಕ್ಕ ಕಾರಣ ದೊರೆಯಿತು.

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಬೋಧಿಸುವ ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿ: ಈ ಮೌನಾಕ್ಷರಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಹಿಂಡುವ, ಸುತ್ತುವ, ತಿರುಚುವ ಪದಗಳನ್ನು ಒಂದೇ ದಿನ, ಒಂದೇ ಹಲಗೆಯ ಮೇಲೆ, ಅರ್ಥಸಹಿತ ಬರೆದು ತೋರಿಸಿರಿ.