ಲಿಪಿಸಂಕೇತಗಳ ಪರಿವರ್ತನೆ ಮತ್ತು ಶಾಸನಪಾಠ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಹೆಸರಿನ ಉತ್ತರಪದವನ್ನು, ನಾಡಿನ ಅನೇಕ ಗ್ರಾಮನಾಮಗಳಲ್ಲಿರುವಂತೆ, ‘ಕೆರೆ’ ಎಂದು ಗ್ರಹಿಸಬಹುದು. ಇದರ ಹಳಗನ್ನಡ ರೂಪ ‘ಕೆಱೆ’. ಱಕಾರವು ಕಾಲಕ್ರಮದಲ್ಲಿ ರಕಾರದೊಡನೆ ಬೆರೆತುಹೋದುದರಿಂದ, ಶಾಸನದ ಕಾಲವಿಚಾರಕ್ಕೆ ಈ ಅಕ್ಷರವೂ ಒಂದು ಆಧಾರವಾಗಿದೆ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಇಂತಹ ಪಾಠಗಳನ್ನು ಇಂದು ನಾವು ಗಣಕದಲ್ಲಿ ಬರೆದಿಡುತ್ತೇವೆ. ‘ನುಡಿ’ಯ ಹಳೆಯ ಕಡತಗಳಲ್ಲಿ ಸಂಕೇತಸಂಖ್ಯೆಗಳು ಅಕ್ಷರದ ಆಕಾರಖಂಡಗಳಿಗೆ ಸಂದಿವೆ; ಯೂನಿಕೋಡಿನಲ್ಲಿ ಅವು ವರ್ಣಗಳಿಗೇ ಸಲ್ಲುತ್ತವೆ. ‘ಕೀರ್ತಿ’ ಎಂಬಲ್ಲಿ ಮೊದಲನೆಯದು ಅರ್ಕಾವೊತ್ತನ್ನು ‘ತಿ’ಯ ತರುವಾಯ ಇರಿಸುತ್ತದೆ, ಎರಡನೆಯದು ರಕಾರವನ್ನು ಮೊದಲೇ ಇರಿಸುತ್ತದೆ. ಆದಕಾರಣ ಪರಿವರ್ತಕವು ಸಂಖ್ಯೆಯೊಡನೆ ಕ್ರಮವನ್ನೂ ಬದಲಿಸಬೇಕು.

ಕ್ರಮ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಪರಿವರ್ತಕದ ಪಟ್ಟಿಯಲ್ಲಿ ಎಡೆಯಿಲ್ಲದೆ ಱ ಹೋಗಿ ರ ಬಂದರೆ ಕಾಣದು. ಓದುಗನು ಅದನ್ನೇ ಕಲ್ಲಿನ ರೂಪವೆಂದು ನಂಬುವನು. ಯೂನಿಕೋಡಿನಲ್ಲಿ ಱ, ೞ ಎರಡಕ್ಕೂ ಸ್ಥಾನವುಂಟು. ಆದರೂ ೞಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ನಿಯಮವಿಲ್ಲದುದರಿಂದ ಅದನ್ನು ಪರ್ಯಾಯನಾಮದಿಂದ ತಿದ್ದಲಾಗಿದೆ.

ಆದುದರಿಂದ ಪರಿವರ್ತಿತ ಪಾಠವನ್ನು ಅಚ್ಚಿನ ಪಾಠದೊಡನೆಯೂ, ಸಾಧ್ಯವಾದಲ್ಲಿ ಶಾಸನದ ಪಡಿಯಚ್ಚಿನೊಡನೆಯೂ ಹೋಲಿಸಿದ ಬಳಿಕವೇ ಉದ್ಧರಿಸತಕ್ಕದ್ದು. ಹಳೆಯ ಕಡತವನ್ನು ಅಳಿಸದೆ ಕಾಪಾಡತಕ್ಕದ್ದು.