ಮನೆಯ ದಂಗೆ, ನೆರೆಯ ಕಿವಿ

ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ನೆರೆಯವರು ಗೋಡೆಗೆ ಕಿವಿಯಿಡುವುದನ್ನು ನೀವು ಬಲ್ಲಿರಿ. ರಾಜ್ಯಗಳ ನಡುವೆಯೂ ಇದೇ ರೂಢಿ. ಅಮೆರಿಕದ ಸಂಯುಕ್ತ ಸಂಸ್ಥಾನವು ತನ್ನ ಎಳೆತನದಲ್ಲಿಯೇ ಇದನ್ನು ಅನುಭವದಿಂದ ಅರಿಯಿತು.

ಸ್ವಾತಂತ್ರ್ಯಯುದ್ಧದ ಸಾಲ ತೀರಿಸಲು ಅಲ್ಲಿನ ಸರ್ಕಾರ 1791ರಲ್ಲಿ ವಿಸ್ಕಿಯ ಮೇಲೆ ಸುಂಕ ಹಾಕಿತು. ಪೆನ್ಸಿಲ್ವೇನಿಯದ ಪಶ್ಚಿಮ ಭಾಗದ ರೈತರಿಗೆ ಬೆಟ್ಟ ದಾಟಿಸಿ ಧಾನ್ಯ ಸಾಗಿಸುವುದು ಗಿಟ್ಟುತ್ತಿರಲಿಲ್ಲ. ಅದನ್ನು ಭಟ್ಟಿಯಿಳಿಸಿ ಮಾರುತ್ತಿದ್ದರು. ನಾಣ್ಯ ವಿರಳವಾದ ಆ ಸೀಮೆಯಲ್ಲಿ ವಿಸ್ಕಿಯೇ ಹಣವೂ ಆಗಿತ್ತು. 1794ರ ಜುಲೈಯಲ್ಲಿ ದಂಗೆಯೆದ್ದು, ಸುಂಕದ ಅಧಿಕಾರಿ ಜಾನ್ ನೆವಿಲ್ ಅವರ ಮನೆ ಸುಟ್ಟುಹೋಯಿತು. ಅಧ್ಯಕ್ಷ ವಾಷಿಂಗ್ಟನ್ನರು ಸುಮಾರು 13,000 ಜನರ ದಂಡು ಕೂಡಿಸಿದರು. ಅದು ತಲಪುವ ವೇಳೆಗೆ ದಂಗೆಕೋರರು ಚದುರಿದ್ದರು. ದೇಶದ್ರೋಹದ ಶಿಕ್ಷೆಗೆ ಗುರಿಯಾದ ಇಬ್ಬರಿಗೂ ಅಧ್ಯಕ್ಷರು ಕ್ಷಮೆಯಿತ್ತರು.

ಕಥೆ ಇಲ್ಲಿಗೆ ಮುಗಿಯಿತೆನ್ನುವಿರಾ? ಮುಗಿಯಲಿಲ್ಲ. ಆಗ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆದಿತ್ತು. ಅಮೆರಿಕದ ನೆಲದಲ್ಲಿದ್ದ ಡೆಟ್ರಾಯಿಟ್, ನಯಾಗರ ಕೋಟೆಗಳನ್ನು ಬ್ರಿಟನ್ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಅದಕ್ಕಾಗಿಯೂ ವ್ಯಾಪಾರಕ್ಕಾಗಿಯೂ ಜಾನ್ ಜೇ ಲಂಡನ್ನಿನಲ್ಲಿ ಸಂಧಾನ ನಡೆಸುತ್ತಿದ್ದರು. ಅತ್ತ ಫ್ರಾನ್ಸಿನ ರಾಯಭಾರಿ ಫೋಶೆ ಈ ದಂಗೆಯನ್ನು ಕುರಿತು ತನ್ನ ಸರ್ಕಾರಕ್ಕೆ ಅಕ್ಟೋಬರ್ 31ರಂದು ವರದಿ ಬರೆದನು. ವಿದೇಶಾಂಗ ಮಂತ್ರಿ ಎಡ್ಮಂಡ್ ರ‍್ಯಾಂಡಾಲ್ಫರು ತನ್ನಲ್ಲಿಗೆ ಬಂದು ಹಣದ ಮಾತೆತ್ತಿದರೆಂಬ ಸೂಚನೆ ಅದರಲ್ಲಿತ್ತು. ದಾರಿಯಲ್ಲಿ ಅದು ಬ್ರಿಟಿಷ್ ನೌಕೆಯವರ ಕೈಸೇರಿತು.

ಜೇ ತಂದ ಒಪ್ಪಂದಕ್ಕೆ ಸಹಿ ಹಾಕಲು 1795ರ ಬೇಸಗೆಯಲ್ಲಿ ವಾಷಿಂಗ್ಟನ್ನರು ಹಿಂದುಮುಂದು ನೋಡುತ್ತಿದ್ದರು. ತಡೆಯಿರೆಂದು ರ‍್ಯಾಂಡಾಲ್ಫರ ಸಲಹೆಯೂ ಇತ್ತು. ಸರಿಯಾಗಿ ಆ ಹೊತ್ತಿಗೆ ಬ್ರಿಟಿಷ್ ರಾಯಭಾರಿ ಆ ವರದಿಯನ್ನು ಅಮೆರಿಕದ ಹಣಕಾಸು ಮಂತ್ರಿಯ ಕೈಗಿತ್ತನು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಮರುದಿನ ಸಹೋದ್ಯೋಗಿಗಳ ಎದುರಿನಲ್ಲಿಯೇ ಅಧ್ಯಕ್ಷರು ಪತ್ರವನ್ನು ರ‍್ಯಾಂಡಾಲ್ಫರ ಮುಂದಿಟ್ಟರು. ಅವರು ಅಂದೇ ರಾಜೀನಾಮೆಯಿತ್ತರು. ರ‍್ಯಾಂಡಾಲ್ಫರು ಲಂಚ ಕೇಳಿರಲಿಲ್ಲವೆಂದು ಫೋಶೆಯೇ ಮುಂದೆ ಬರೆದುಕೊಟ್ಟನು. ಆದರೆ ಹೋದ ನಂಬಿಕೆ ಮರಳಲಿಲ್ಲ. ಒಪ್ಪಂದದಿಂದ ಕೆರಳಿದ ಫ್ರಾನ್ಸು ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತು. 1798ರಿಂದ 1800ರವರೆಗೆ ಇಬ್ಬರಿಗೂ ಕಡಲಿನಲ್ಲಿ ಘೋಷಣೆಯಿಲ್ಲದ ಯುದ್ಧವೇ ನಡೆಯಿತು.

ಯೋಚಿಸಿ ನೋಡಿ. ದಂಗೆಯನ್ನು ಅಡಗಿಸಲು ಕೆಲವೇ ವಾರ ಸಾಕಾಯಿತು. ಆದರೆ ಅದರ ಸುದ್ದಿ ಪರರ ಕೈಗೆ ಸಿಕ್ಕಿ, ವರ್ಷದ ಬಳಿಕ ಅಧ್ಯಕ್ಷರಿಗೂ ಮಂತ್ರಿಗೂ ನಡುವೆ ಬಿರುಕು ಮೂಡಿಸಿತು. ಬೆಂಕಿ ಆರಿದ ಮೇಲೂ ಹೊಗೆ ಯಾರ ಕಡೆಗೆ ಹೋಗುತ್ತಿದೆಯೆಂದು ನೋಡುವ ಎಚ್ಚರ ಹೊಸ ರಾಜ್ಯಕ್ಕೆ ಬೇಕು.