ಕೋಬಾಲ್ ಮನೆಯ ಮೆಟ್ಟಿಲುಗಳು

ಸಿದ್ದಾಪುರದಲ್ಲಿ ಯಾರದಾದರೂ ವಿಳಾಸ ಹೇಳಬೇಕೆಂದರೆ ಬಡಾವಣೆ, ಮೇನ್, ಕ್ರಾಸ್, ಮನೆ ನಂಬರು ಎಂದು ಮೆಟ್ಟಿಲಿಳಿಯಬೇಕು. ಯಾವುದು ಯಾವುದರ ಒಳಗೆ ಎನ್ನುವುದು ತಪ್ಪಿದರೆ ಪೋಸ್ಟ್‌ಮ್ಯಾನ್ ಇನ್ಯಾರದೋ ಬಾಗಿಲು ತಟ್ಟುತ್ತಾನೆ. ಕೋಬಾಲ್ ಭಾಷೆ ಮಾಹಿತಿಯನ್ನು ಜೋಡಿಸುವುದೂ ಹೀಗೆಯೇ. ನೌಕರನ ದಾಖಲೆಗೆ 01, ಅದರೊಳಗಿನ ಹೆಸರು ಮತ್ತು ವಿಳಾಸಕ್ಕೆ 05, ವಿಳಾಸದೊಳಗಿನ ಬೀದಿ ಮತ್ತು ಪಿನ್‌ಕೋಡಿಗೆ 10. ನಡುವೆ ಅಂಕಿ ಬಿಡುವುದು ಮುಂದೆ ಹೊಸ ಮೆಟ್ಟಿಲು ಬೇಕಾದರೆ ಜಾಗವಿರಲಿ ಎಂದು. ಹೀಗೆ 49ರವರೆಗೆ ಇಳಿಯಬಹುದು. ಆಮೇಲಿನ ಕೆಲವು ಅಂಕಿಗಳಿಗೆ ಬೇರೆಯೇ ಅರ್ಥ: 77 ಯಾವ ಗುಂಪಿಗೂ ಸೇರದ ಒಂಟಿ ಅಂಶ, 66 ಹಳೆಯ ಅಂಶಗಳಿಗೆ ಇನ್ನೊಂದು ಹೆಸರು, 88 ಒಂದು ಬೆಲೆಗೆ ಇಟ್ಟ ಹೆಸರು ಅಷ್ಟೇ, ಅದಕ್ಕೆ ಸ್ವಂತ ಜಾಗವೇ ಇಲ್ಲ.

1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸೇರಿದವರಿಗೆ ಇದ್ದ ಕನಸು, ಎಲ್ಲ ಯಂತ್ರಗಳಿಗೂ ಒಂದೇ ಭಾಷೆ. 1960ರ ಡಿಸೆಂಬರಿನಲ್ಲಿ ಆರ್‌ಸಿಎ 501 ಮತ್ತು ಯುನಿವ್ಯಾಕ್ 2 ಯಂತ್ರಗಳ ಮೇಲೆ ಹೆಚ್ಚುಕಡಿಮೆ ಒಂದೇ ಪ್ರೋಗ್ರಾಮ್ ಓಡಿಸಿ ತೋರಿಸಿದ್ದೂ ಆಯಿತು. ಆದರೆ ಭಾಷೆ ಒಂದಾದರೂ ಅದನ್ನು ಓದುವ ಕಂಪೈಲರುಗಳು ಹಲವು.

ವಿಳಾಸದೊಳಗಿನ ಪಿನ್‌ಕೋಡಿಗೆ 10 ಎನ್ನುವ ಬದಲು ಕೈತಪ್ಪಿ 04 ಎಂದು ಬರೆದಿರಿ ಎನ್ನಿ. ನಿಯಮದಂತೆ ಅದು ತಪ್ಪು. ಕಟ್ಟುನಿಟ್ಟಿನ ಕಂಪೈಲರ್ ಅಲ್ಲೇ ತಡೆಯುತ್ತದೆ. ಐಬಿಎಂ ಕಂಪೈಲರ್ ಮಾತ್ರ ಅದನ್ನು 05ರ ಸಮಾನ ಸೋದರನೆಂದು ಒಪ್ಪಿಕೊಳ್ಳುತ್ತದೆ. ಅಲ್ಲಿಗೆ ಪಿನ್‌ಕೋಡು ವಿಳಾಸದ ಹೊರಗೆ ಬಿತ್ತು. ಇಡೀ ವಿಳಾಸವನ್ನು ಬೇರೆಡೆಗೆ ಸಾಗಿಸಿದಾಗ ಅದು ಹಿಂದೆಯೇ ಉಳಿಯುತ್ತದೆ. ಜೊತೆಗೆ, ಅದು ಅಚ್ಚುಹಾಕಿ ಕೊಡುವ ಪಟ್ಟಿಯಲ್ಲಿ ಅಂಕಿಗಳನ್ನು ಸಾಲಾಗಿ ಜೋಡಿಸಿ, ನೀವು ಬರೆದ 05ನ್ನು 02 ಎಂದು ತೋರಿಸುತ್ತದೆ.

ಮೈಕ್ರೋ ಫೋಕಸ್ ಕಂಪೈಲರ್, ಬದಲಾಗದ ಬೆಲೆಗಳಿಗೆಂದು 78 ಎಂಬ ಹೊಸ ಅಂಕಿಯನ್ನೇ ತಂದಿತು. ಅನುಕೂಲವೇನೋ ಹೌದು. ಆದರೆ ಪಿಸಿಯಲ್ಲಿ ಹಾಗೆ ಬರೆದದ್ದನ್ನು ಐಬಿಎಂ ಮೇನ್‌ಫ್ರೇಮಿಗೆ ಒಯ್ದರೆ ಅದು ಒಪ್ಪುತ್ತಿರಲಿಲ್ಲ. 2002ರ ಶಿಷ್ಟ ನಿಯಮವೂ 78ನ್ನು ಸ್ವೀಕರಿಸದೆ, ಅದೇ ಕೆಲಸವನ್ನು 01ರ ಕೆಳಗೆ ಬೇರೆ ರೀತಿಯಲ್ಲಿ ಕೊಟ್ಟಿತು.

ಇದು ನಮ್ಮ ಕತೆಯೂ ಹೌದು. 1978ರಲ್ಲಿ ಐಬಿಎಂ ಭಾರತ ಬಿಟ್ಟ ಮೇಲೆ ಇಲ್ಲಿಗೆ ಹಲವು ಕಂಪನಿಗಳ ಯಂತ್ರಗಳು ಬಂದವು. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್‌ಗೆ ಆಡುಗೋಡಿಯ ಮೈಕೋ ಮೊದಮೊದಲ ಗಿರಾಕಿ. ಸಿದ್ದಾಪುರದಿಂದ ಅದೇನೂ ದೂರವಲ್ಲ. 2000ನೇ ಇಸವಿ ಹತ್ತಿರವಾದಾಗ ಇದೇ ಊರಿನ ಹುಡುಗ ಹುಡುಗಿಯರು ಎರಡಂಕಿಯ ವರ್ಷವನ್ನು ನಾಲ್ಕಂಕಿಗೆ ಹಿಗ್ಗಿಸಲು, ತಾವೆಂದೂ ಕಾಣದ ದೇಶದ ಬ್ಯಾಂಕುಗಳ ದಾಖಲೆಗಳನ್ನು ಸಾಲು ಸಾಲಾಗಿ ಓದಿದರು. ವರ್ಷಕ್ಕೆ ಎರಡು ಅಕ್ಷರ ಸೇರಿದರೆ ಅದೇ ದಾಖಲೆಯಲ್ಲಿ ಮುಂದಿರುವುದೆಲ್ಲ ಎರಡೆರಡು ಜಾಗ ಸರಿಯುತ್ತದೆ. ಯಾವುದು ಯಾವುದರ ಒಳಗಿದೆ ಎಂದು ತಿಳಿಯದೆ ಕೈಹಾಕುವಂತಿರಲಿಲ್ಲ.

ಅವರು ಓದಿದ ಆ ಅಂಕಿಗಳ ಹಿಂದೆ ಯಾರದೋ ಪಿಂಚಣಿ, ಯಾರದೋ ಉಳಿತಾಯ ಇತ್ತು. ಎಲ್ಲವೂ ಸರಿಯಾದ ಬಾಗಿಲಿಗೆ ತಲುಪಿದಾಗ ಪೋಸ್ಟ್‌ಮ್ಯಾನನ್ನು ಯಾರು ನೆನೆಯುತ್ತಾರೆ?